ಒಂದು ಚಮಚ

ಹೊರಗಿನಿಂದ ಬರುವ ದ್ರವ ಏನೇ ಇರಲಿ
ತಂದವರೇ ಗೇಟಿನಲ್ಲಿ ಕುಡಿದು ತೋರಿಸಬೇಕು:
ಮಜ್ಜಿಗೆಯೋ, ಕಷಾಯವೋ, ಕೆಮ್ಮಿನ ಔಷಧವೋ.
ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿತ್ತು.
ಬರೆಸಿದವನು ನಾನೇ.

ಸುಗುಣಪ್ಪ ಅಯ್ಯನವರು ಫ್ಲಾಸ್ಕು ಮೇಜಿನ ಮೇಲಿಟ್ಟು
"ಸಂಸ್ಕಾರ ಮುಗಿಯೋತನಕ ನನಗೆ ಉಪವಾಸ, ದಫೇದಾರ್ರೇ,
ನೀವೇ ನೋಡಿಬಿಡಿ" ಅಂದರು.
ನನ್ನ ಹಣೆಯ ವಿಭೂತಿ ಕಂಡಿತೋ ಏನೋ,
"ಹೆದರಬೇಡಿ, ಇದಿನ್ನೂ ಬರೀ ಒಣದ್ರಾಕ್ಷಿ,
ಮನೆಯವರು ರಾತ್ರಿ ಕುದಿಸಿ ಸೋಸಿದ್ದು."

ಒಂದು ಚಮಚ. ಸಿಹಿ. ತುಸು ತಳ ಹಿಡಿದ ವಾಸನೆ.
ಒಳಗೆ ಬಿಟ್ಟೆ.

ಆಗ ಜೈಲು ಊರ ನಡುವೆಯೇ ಇತ್ತು.
ಮೆಜೆಸ್ಟಿಕ್ಕಿಗೆ ಹೊರಟ ಬಸ್ಸಿನ ಹಾರನ್ನು
ಗೋಡೆ ಹಾರಿ ಬಂದು ಪ್ರಾರ್ಥನೆಯ ನಡುವೆ ಬೀಳುತ್ತಿತ್ತು.
ಈಗ ಅಲ್ಲಿ ಪಾರ್ಕು. ಬ್ಯಾರಕ್ಕಿನ ಮೆಟ್ಟಿಲ ಮೇಲೆ
ಜನ ಕಡಲೆಕಾಯಿ ಬಿಡಿಸುತ್ತಾರೆ.
ನಾವೆಲ್ಲ ಪರಪ್ಪನ ಅಗ್ರಹಾರಕ್ಕೆ ಬಂದೆವು:
ಕೈದಿಗಳು ವ್ಯಾನಿನಲ್ಲಿ, ಕಡತಗಳು ಲಾರಿಯಲ್ಲಿ,
ಅಯ್ಯನವರು ಎರಡು ಬಸ್ಸು ಬದಲಾಯಿಸಿ.

ಎರಡೇ ವರ್ಷ ಅಂತ ಹಾಕಿದ್ದರಂತೆ, ಹೆಚ್ಚುವರಿ ಹೊಣೆ.
ಹತ್ತೊಂಬತ್ತಾಯಿತು.
ಜೊತೆಗೆ ಓದಿದವರಲ್ಲಿ ಒಬ್ಬರು ಕಂಟೋನ್ಮೆಂಟಿನ ದೊಡ್ಡ ಚರ್ಚಿನಲ್ಲಿ,
ಬಣ್ಣದ ಗಾಜು, ಆರ್ಗನ್ನು, ಮದುವೆಯ ತಿಂಗಳಲ್ಲಿ ಪಾರ್ಕಿಂಗ್ ಜಗಳ.
ಇನ್ನೊಬ್ಬರು ಬಿಷಪ್ಪಾಗಿ ಕ್ರಿಸ್‌ಮಸ್ಸಿಗೆ ಇಲ್ಲಿಗೇ ಬಂದರು,
ಕೇಕು, ಫೋಟೋ, ಸೂಪರಿಂಟೆಂಡೆಂಟರ ಕೋಣೆಯಲ್ಲಿ ಕಾಫಿ.
ಅಯ್ಯನವರು ಹಿಂದೆ ನಿಂತು
ಕೇಕಿನ ಡಬ್ಬದ ದಾರಗಳನ್ನು ಒಂದೊಂದಾಗಿ ಸುತ್ತಿ
ಜೇಬಿಗೆ ಹಾಕಿಕೊಳ್ಳುತ್ತಿದ್ದರು.
ದಾರ ಒಳಗೆ ಉಳಿಯಬಾರದು ಅಂತ
ಅಲ್ಲಿ ಅವರಿಗೂ ನನಗೂ ಮಾತ್ರ ನೆನಪಿತ್ತು.

"ಏನು ತಪ್ಪು ಮಾಡಿ ಇಲ್ಲಿಗೆ ಬಿದ್ದಿರಿ?" ಕೇಳಿದೆ ಒಮ್ಮೆ.
"ನೀವು?" ಅಂದರು.
ಮೂರು ಸಲ ವರ್ಗ ಕೇಳಿ ಬರೆದಿದ್ದೆ.
ನಾಲ್ಕನೆಯದು ಬರೆಯಲೇ ಇಲ್ಲ, ಯಾಕೋ.

ನನ್ನ ರಿಜಿಸ್ಟರಿನಲ್ಲಿ ಒಂದು ಕಾಲಂ ಇದೆ: ಸಂಬಂಧ.
ಅಣ್ಣ, ಹೆಂಡತಿ, ವಕೀಲ, ಸೋದರಮಾವ.
ಅಯ್ಯನವರು ಅಲ್ಲೊಂದು ಗೆರೆ ಎಳೆಯುತ್ತಿದ್ದರು,
ಉದ್ದ ಗೆರೆ, ಪಕ್ಕದ ಕಾಲಮ್ಮಿಗೂ ದಾಟುವಷ್ಟು.

ಬಾಗಲೂರು ಕಡೆಯ ಒಬ್ಬ ಹುಡುಗ, ಇನ್ನೂ ವಿಚಾರಣೆಯಲ್ಲಿದ್ದವನು.
ಅವನ ಅಪ್ಪಣೆಯ ಕಾಗದ ಬರುವಷ್ಟರಲ್ಲಿ
ತಾಯಿಯ ಹನ್ನೊಂದನೆಯ ದಿನವೂ ಕಳೆದಿತ್ತು.
ಅಯ್ಯನವರು ಬೋಧನೆ ಶುರುಮಾಡುತ್ತಾರೆಂದು ನಿಂತು ಕೇಳಿದೆ.
ಅವರು ಕೇಳಿದ್ದು, ನಿನ್ನಮ್ಮ ಸಿಟ್ಟು ಬಂದರೆ ಏನಂತ ಬೈಯುತ್ತಿದ್ದಳು?
ಹುಡುಗ ಹೇಳಿದ. ಒಂದಕ್ಷರವೂ ಬರೆಯುವಂಥದಲ್ಲ.
ಇಬ್ಬರೂ ನಕ್ಕರು. ಬೀಗ ಹಾಕುವ ಗಂಟೆಯಾಯಿತು.

ಆಷಾಢದಲ್ಲಿ ಅದೇ ಹುಡುಗ,
ಟವೆಲು.

ಭಾನುವಾರ ಅಯ್ಯನವರು ಬಂದರು, ಸಹಿ ಮಾಡಿದರು,
ನಾನು ಚಮಚ ತೆಗೆದೆ.
ಅವರು ಬೆಂಚಿನ ಮೇಲೆ ಕೂತರು, ಇಪ್ಪತ್ತು ನಿಮಿಷ,
ಬೂಟಿನ ಲಾಡಿ ನೋಡುತ್ತ.
ಆಮೇಲೆ ಎದ್ದು ಹೋದರು, ಊರ ಕಡೆಗೆ.
ಫ್ಲಾಸ್ಕು ಸಂಜೆವರೆಗೂ ಮೇಜಿನ ಮೇಲಿತ್ತು.
ಒಳಹೋದ ವೇಳೆ: ಖಾಲಿ.
ಇಡೀ ರಿಜಿಸ್ಟರಿನಲ್ಲಿ ಅದೊಂದೇ.
ಮುಂದಿನ ವಾರ ಬಂದರು. ನಾನೂ ಕೇಳಲಿಲ್ಲ.

ಅವರು ನಿವೃತ್ತರಾದ ತಿಂಗಳು
ಹೊಸಬರು ಬಂದರು, ರೆವರೆಂಡ್ ಹರ್ಷಿಣಿ ಎಲೀಷ,
ಸ್ಕೂಟರು, ಹಣೆಯ ಮೇಲೆ ಹೆಲ್ಮೆಟ್ಟಿನ ಗುರುತು.
ನಾನು ಡ್ರಾಯರು ಅರ್ಧ ಎಳೆದಿದ್ದೆ.
ಆಕೆ ಗೋಡೆಯ ಬರಹ ಪೂರ್ತಿ ಓದಿ
ಮುಚ್ಚಳ ತಿರುಗಿಸಿ, ತಾವೇ ಒಂದು ಗುಟುಕು ಕುಡಿದು
"ಸರಿ ಅಲ್ವಾ ಸರ್?" ಅಂದರು.

ಸರಿ ಮೇಡಂ, ನಿಯಮ ಇರುವುದೇ ಹಾಗೆ.

ಮೊಣಕಾಲಿನಿಂದ ಡ್ರಾಯರು ತಳ್ಳಿದೆ, ಚಮಚ ಸದ್ದು ಮಾಡಿತು.
ಸಂಜೆ ಹೊಸ ರೋಡಿನ ಅಂಗಡಿಯಲ್ಲಿ
ನೂರು ಗ್ರಾಂ ಒಣದ್ರಾಕ್ಷಿ ಕಟ್ಟಿಸಿಕೊಂಡೆ.
ಇದ್ಯಾಕೆ ಅಂದಳು ಮನೆಯವಳು.
ಕೆಮ್ಮಿಗೆ, ಅಂದೆ.